ಯಾತ್ರೆಯ ಗೆಳತಿ ಅತ್ತೆಯ ಎದುರು ಮಾತಾಡದೆ ಹೋದಳು

ಪ್ರಶ್ನೆ: ನಾನು ಹುಬ್ಬಳ್ಳಿಯವಳು. ಎರಡು ವರ್ಷದ ಹಿಂದೆ ಕೇದಾರನಾಥದ ದಾರಿಯಲ್ಲಿ ಸೊಲ್ಲಾಪುರದ ಗೆಳತಿಯೊಬ್ಬಳು ಸಿಕ್ಕಳು, ಮನೆಮಾತು ಕನ್ನಡ. ಲಿಂಚೌಲಿಯ ಟೆಂಟಿನಲ್ಲಿ ರಾತ್ರಿಯಿಡೀ ಅತ್ತೆಮನೆಯ ಕಾಟ ಹೇಳಿಕೊಂಡು ಕಣ್ಣೀರು ಹಾಕಿದಳು. ಆಮೇಲೆ ಮೆಸೇಜು ಕಡಿಮೆಯಾಗುತ್ತಾ ನಿಂತೇಹೋಯಿತು. ಮೊನ್ನೆ ಪಂಢರಪುರದಲ್ಲಿ ಅಕಸ್ಮಾತ್ ಎದುರಾದಳು. ಜೊತೆಗೆ ಅವಳ ಅತ್ತೆ. "ಆರಾಮ ಇದ್ದೀರಾ?" ಅಂದು ಹೊರಟೇಬಿಟ್ಟಳು. ನಾನು ಬೇಡವಾದೆನಾ? ಮತ್ತೆ ಮಾತಾಡಿಸಲಾ, ಬಿಡಲಾ?

ಉತ್ತರ: ನಿಮಗೆ ನೋವಾಗಿದ್ದು ಸಹಜ. ಆದರೆ ನೀವು ಬೇಡವಾದಿರಿ ಅಂತ ನನಗೆ ಅನ್ನಿಸುವುದಿಲ್ಲ. ಯಾರ ಕಾಟ ಹೇಳಿಕೊಂಡು ಅಂದು ಕಣ್ಣೀರು ಹಾಕಿದರೋ ಅವರೇ ಪಕ್ಕದಲ್ಲಿ ನಿಂತಿರುವಾಗ, ಎಲ್ಲ ಗೊತ್ತಿರುವ ನೀವು ದಿಢೀರನೆ ಎದುರಿಗೆ ಬಂದರೆ ಆಕೆಗೆ ಎದೆ ಧಸಕ್ಕೆನ್ನದೆ ಇರುತ್ತದಾ?

ಗೌರಿಕುಂಡದಿಂದ ಸುಮಾರು 16 ಕಿ.ಮೀ. ಹತ್ತಿ 3,583 ಮೀಟರ್ ಎತ್ತರದ ಕೇದಾರನಾಥನ ಗುಡಿ ಸೇರಬೇಕು. ಉಸಿರು ಸಾಲದೆ ಕೂತಾಗ ನೀರು ಕೊಟ್ಟವಳೇ ಅಲ್ಲಿ ಅಕ್ಕ. ಯಾರ ಮನೆ ಸೊಸೆ ಅಂತ ಯಾರೂ ಕೇಳುವುದಿಲ್ಲ, ಆಡಿದ ಮಾತು ಊರಿಗೆ ತಲುಪುತ್ತದೆ ಅನ್ನುವ ಭಯವೂ ಇಲ್ಲ, ಹಾಗಾಗಿ ತವರಲ್ಲೂ ಹೇಳದ್ದು ಬಾಯಿಗೆ ಬಂದುಬಿಡುತ್ತದೆ. ಮನೆಗೆ ಮರಳಿದ ಮೇಲೆ, ಅಷ್ಟೆಲ್ಲ ಹೇಳಿಬಿಟ್ಟೆನಲ್ಲ ಅಂತ ಸಂಕೋಚ ಶುರುವಾಗುತ್ತದೆ. ಮೆಸೇಜು ನಿಂತಿದ್ದು ಅದಕ್ಕೂ ಇರಬಹುದು.

ಆಷಾಢದ ವಾರಿಯಲ್ಲಿ ಆಳಂದಿಯಿಂದ ಪಂಢರಪುರಕ್ಕೆ ನಡೆಯುವವರಲ್ಲಿ, ಒಂದೇ ದಿಂಡಿಯಲ್ಲಿ, ಅಂದರೆ ಭಜನೆ ಮಾಡುತ್ತಾ ನಡೆಯುವ ತಂಡದಲ್ಲಿ, ವರ್ಷಕ್ಕೊಮ್ಮೆ ಮಾತ್ರ ಸಿಗುವ ಗೆಳತಿಯರಿದ್ದಾರೆ. ಸಿಕ್ಕಾಗ ಮಾವುಲಿ (ತಾಯಿ) ಅಂತ ಕಾಲು ಮುಟ್ಟುತ್ತಾರೆ, ಜೊತೆಗೆ ಹೆಜ್ಜೆ ಹಾಕುತ್ತಾರೆ. ವರ್ಷವಿಡೀ ಯಾಕೆ ವಿಚಾರಿಸಲಿಲ್ಲ ಅಂತ ಲೆಕ್ಕ ಕೇಳುವುದಿಲ್ಲ. ನಿಮ್ಮ ಗೆಳೆತನಕ್ಕೂ ಅಷ್ಟು ಸಡಿಲ ಕೊಡಬಹುದಲ್ವಾ?

ಖಂಡಿತ ಮಾತಾಡಿಸಿ. ಆದರೆ ಆಕೆಯ ಫೋನನ್ನು ಮನೆಯವರೂ ನೋಡುತ್ತಿರಬಹುದು, ಅದು ನೆನಪಿರಲಿ. ಆ ರಾತ್ರಿಯ ವಿಷಯ ಬರೆಯಲೇಬೇಡಿ. ಯಾಕೆ ಹಾಗೆ ಹೊರಟಿರಿ ಅಂತಲೂ ಕೇಳಬೇಡಿ. "ನಿಮ್ಮನ್ನು ನೋಡಿ ಖುಷಿಯಾಯಿತು, ಹುಬ್ಬಳ್ಳಿ ಕಡೆ ಬಂದರೆ ಮನೆಗೆ ಬನ್ನಿ, ಬಿಡುವಾದಾಗ ಫೋನ್ ಮಾಡಿ." ಇಷ್ಟು ಸಾಕು, ಯಾರು ಓದಿದರೂ ತೊಂದರೆಯಿಲ್ಲ. ಉತ್ತರ ಬರದಿದ್ದರೆ ಜಾಸ್ತಿ ಬೆನ್ನು ಹತ್ತಬೇಡಿ, ಆದರೆ ನಿಮ್ಮ ನಂಬರ್ ಬದಲಾದರೆ ಮಾತ್ರ ತಪ್ಪದೆ ತಿಳಿಸಿ, ಯಾಕೆಂದರೆ ಆಕೆಗೆ ಹೇಳಿಕೊಳ್ಳಲು ಬೇರೆ ಯಾರೂ ಇಲ್ಲದಿರಬಹುದು.

ಅವತ್ತಿನ ಮಾತಿನಲ್ಲಿ ಹೊಡೆತ ಬಡಿತವೂ ಇತ್ತಾ? ಇದ್ದರೆ, ಆಕೆ ಫೋನಿನಲ್ಲಿ ಒಬ್ಬರೇ ಸಿಕ್ಕಾಗ ಮಹಿಳಾ ಸಹಾಯವಾಣಿ 181ರ ಬಗ್ಗೆ ಹೇಳಿ. ಬಾಯಲ್ಲಿ ಹೇಳಿ, ಬರೆದು ಕಳಿಸಬೇಡಿ.