ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ಎಷ್ಟು ದೂರ? ವಿಮಾನಕ್ಕೆ ಎಷ್ಟು ಹೊತ್ತು ಬೇಕು?

ಸುಮಾರು 14,000 ಕಿಲೋಮೀಟರ್. ಎಲ್ಲೂ ಇಳಿಯದೆ ನೇರವಾಗಿ ಹಾರಿದರೆ 16–17 ತಾಸು. ನಡುವೆ ವಿಮಾನ ಬದಲಿಸುವುದಾದರೆ 20 ತಾಸು ದಾಟುವುದು ಮಾಮೂಲು.

ಗೋಡೆಯ ನಕ್ಷೆಯಲ್ಲಿ ಅಳೆಯಲು ಹೋಗಬೇಡಿ. ಒಂದು ಗ್ಲೋಬ್ ತೆಗೆದುಕೊಂಡು ಎರಡೂ ಊರುಗಳ ಮೇಲೆ ದಾರವನ್ನು ಬಿಗಿಯಾಗಿ ಎಳೆದು ಹಿಡಿಯಿರಿ. ದಾರ ಜಾರಿ ಬಹಳ ಉತ್ತರಕ್ಕೆ, ಸೈಬೀರಿಯದ ಉತ್ತರದ ಅಂಚಿನವರೆಗೆ ಹೋಗಿ ನಿಲ್ಲುತ್ತದೆ! ಅದೇ ಅತಿ ಹತ್ತಿರದ ದಾರಿ. 2021ರ ಜನವರಿಯಲ್ಲಿ ಏರ್ ಇಂಡಿಯಾದ ಮಹಿಳಾ ಪೈಲಟ್‌ಗಳು ಸ್ಯಾನ್ ಫ್ರಾನ್ಸಿಸ್ಕೊದಿಂದ ಬೆಂಗಳೂರಿಗೆ ಅದಕ್ಕಿಂತಲೂ ಉತ್ತರಕ್ಕೆ ಸರಿದು, ಉತ್ತರ ಧ್ರುವದ ಮೇಲಿನಿಂದ ಬಂದಿದ್ದರು.

ಆದರೆ ಹತ್ತಿರದ ದಾರಿಯೇ ಬೇಗನೆ ಮುಟ್ಟಿಸುತ್ತದೆ ಎಂದೇನಿಲ್ಲ. ಸುಮಾರು ಹತ್ತು ಕಿಲೋಮೀಟರ್ ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಬಿರುಸಾಗಿ ಬೀಸುವ ಗಾಳಿಯಿದೆ. ಅದಕ್ಕೆ ಜೆಟ್ ಪ್ರವಾಹ ಎನ್ನುತ್ತಾರೆ. ಅದು ಬೆನ್ನಿಗಿದ್ದರೆ ಸ್ವಲ್ಪ ಸುತ್ತಿ ಹೋದರೂ ಲಾಭ, ಎದುರಾದರೆ ಇಂಧನವೂ ಸಮಯವೂ ದಂಡ. ಹಾಗಾಗಿ ಅಂದಂದಿನ ಗಾಳಿ ನೋಡಿಯೇ ದಾರಿ ಗೊತ್ತುಮಾಡುತ್ತಾರೆ.

ಇನ್ನು ಗಡಿಯಾರವನ್ನಂತೂ ನಂಬಬೇಡಿ. ಚಳಿಗಾಲದಲ್ಲಿ ಅಲ್ಲಿನ ಸಮಯ ನಮ್ಮದಕ್ಕಿಂತ ಹದಿಮೂರೂವರೆ ತಾಸು ಹಿಂದೆ. ಹಾಗಾಗಿ ಇಲ್ಲಿಂದ ಮಧ್ಯಾಹ್ನ 2ಕ್ಕೆ ಹೊರಟು 16 ತಾಸು ಹಾರಿದರೆ, ಅಲ್ಲಿ ಅದೇ ದಿನ ಸಂಜೆ 4.30!