ಹೇಳಿದ್ದನ್ನೇ ‘ಹೇಳಿಲ್ಲ’ ಎನ್ನುವ ಟೀಮ್ ಲೀಡರ್

ನಿಮ್ಮ ಟೀಮ್ ಲೀಡರ್ ತಾವೇ ಹೇಳಿದ್ದನ್ನು ಮೀಟಿಂಗ್‌ನಲ್ಲಿ ಅಲ್ಲಗಳೆಯುತ್ತಾರೆ, ಅವರು ನಾರ್ಸಿಸಿಸ್ಟೇ ಇರಬಹುದಾ ಅಂತ ಕೇಳಿದ್ದೀರಿ. ಒಪ್ಪಿದ ಮಾತನ್ನು ಎಲ್ಲರೆದುರು ‘ನಾನು ಹೇಳೇ ಇಲ್ಲ’ ಅನ್ನೋದು, ಆಮೇಲೆ ‘ನಿಮಗೇ ಮರೆವು’ ಅಂತ ನಿಮ್ಮನ್ನು ನಂಬಿಸೋದು ಬಹುಮಟ್ಟಿಗೆ ಗ್ಯಾಸ್‌ಲೈಟಿಂಗ್, ಅಂದರೆ ನಿಮ್ಮ ನೆನಪನ್ನು ನೀವೇ ಅನುಮಾನಿಸುವಂತೆ ಮಾಡೋದು. ತಪ್ಪು ತನ್ನ ತಲೆಗೆ ಬರಬಾರದು, ಅಷ್ಟೇ. ಇದು ನಾರ್ಸಿಸಿಸ್ಟಿಕ್ ಪರ್ಸನಾಲಿಟಿ ಡಿಸಾರ್ಡರೇ (ತಾನೇ ದೊಡ್ಡವನು ಅನ್ನೋ ಭಾವ ಅತಿಯಾಗಿರುವ ವ್ಯಕ್ತಿತ್ವದ ತೊಂದರೆ) ಅಂತ ನಿಮ್ಮ ವಿವರಣೆಯಿಂದ ಹೇಳಲಾಗದು. ಮಾನಸಿಕ ತೊಂದರೆ ಗುರುತಿಸಲು ತಜ್ಞರು ಬಳಸುವ ಕೈಪಿಡಿ ಡಿಎಸ್‌ಎಂ-5ರ 9 ಲಕ್ಷಣಗಳಲ್ಲಿ ಕನಿಷ್ಠ 5 ಇರಬೇಕು, ಅದನ್ನು ತಜ್ಞರೇ ನೋಡಬೇಕು. ನಿಮಗೆ ಆ ಹಣೆಪಟ್ಟಿ ಬೇಕಾಗಿಯೂ ಇಲ್ಲ.

ಮೊದಲು, ಬಾಯಿಮಾತಿನ ಸೂಚನೆ ಸಿಕ್ಕ ದಿನವೇ ಮೇಲ್ ಹಾಕಿ: ‘ಈಗ ಮಾತಾಡಿದಂತೆ ವರದಿ ಶುಕ್ರವಾರಕ್ಕೆ, ಅಂಕಿಅಂಶ ನಿಮ್ಮಿಂದ. ಬದಲಾವಣೆಯಿದ್ದರೆ ತಿಳಿಸಿ.’ ದೂರಿನ ಧಾಟಿ ಬೇಡ. ಜೊತೆಗೆ ದಿನಾಂಕ, ಸಮಯ, ಅವರು ಆಡಿದ ಮಾತು ಇದ್ದಂತೆಯೇ, ಅಲ್ಲಿದ್ದವರ ಹೆಸರು, ಇಷ್ಟನ್ನು ಸ್ವಂತ ಪುಸ್ತಕದಲ್ಲಿ ಬರೆದಿಡಿ. ನಿಮ್ಮ ನೆನಪಿನ ಮೇಲೆ ನಿಮಗೇ ನಂಬಿಕೆ ಮರಳೋದೂ ಇದರಿಂದಲೇ.

ಮೀಟಿಂಗ್‌ನಲ್ಲಿ ಕೆಣಕಿದಾಗಲೇ ಹೆಚ್ಚಿನವರು ಎಡವೋದು. ಅಲ್ಲೇ ಸಾಬೀತು ಮಾಡಲು ಹೊರಟರೆ ವಾದ ಬೆಳೆದು, ಕೊನೆಗೆ ನಿಮ್ಮ ಏರಿದ ದನಿಯೇ ಚರ್ಚೆಯ ವಿಷಯ ಆಗುತ್ತೆ. ‘ನನಗೆ ನೆನಪಿರೋದು ಬೇರೆ, ಮೇಲ್ ನೋಡೋಣ’ ಅಂದು ನಿಲ್ಲಿಸಿ. ಎರಡನೇ ಸಲವೂ ಅದೇ ವಾಕ್ಯ, ಅದೇ ದನಿ. ‘ನೀವು ನಾರ್ಸಿಸಿಸ್ಟ್’ ಅಂತ ಮುಖಕ್ಕೆ ದಯವಿಟ್ಟು ಹೇಳಬೇಡಿ, ಹಗೆ ಸಾಧಿಸೋಕೆ ನೆಪ ಸಿಗುತ್ತೆ. ಮನೆಯ ಕಷ್ಟಗಳನ್ನೂ ಅವರ ಹತ್ತಿರ ಹೇಳಿಕೊಳ್ಳಬೇಡಿ.

ಶುರುವಿನಲ್ಲಿ ಅವರ ಕಿರಿಕಿರಿ ಹೆಚ್ಚಬಹುದು. ನಾಲ್ಕೈದು ಘಟನೆ ದಾಖಲಾದ ಮೇಲೆ ಎಚ್‌ಆರ್‌ಗೆ ಹೋಗಿ. ಅವರ ಸ್ವಭಾವ ಬಣ್ಣಿಸದೆ, ಕೆಲಸಕ್ಕೆ ಆದ ನಷ್ಟ ತೋರಿಸಿ. ಬೆದರಿಕೆ ಹಾಕಿದರೆ ಅಥವಾ ಸುಳ್ಳು ಕಾಗದಕ್ಕೆ ಸಹಿ ಕೇಳಿದರೆ ಮಾತ್ರ ಕಾಯಬೇಡಿ, ಅವತ್ತೇ ಹೋಗಿ.