ಟಿಆರ್‌ಟಿ ಜೊತೆಗೆ ಡೆಕಾ ಸೇರಿಸಿಕೊಳ್ಳಬಹುದೇ ಎಂದು ಕೇಳಿದವರಿಗೆ

ನಿಮ್ಮ ಪ್ರಶ್ನೆಯನ್ನು ಎರಡು ಸಲ ಓದಿದೆ. ವಯಸ್ಸು 35, ಮದುವೆಯಾಗಿ ಎರಡು ವರ್ಷ. ಟೆಸ್ಟೋಸ್ಟೆರಾನ್ ಕಡಿಮೆಯಿದೆ ಎಂದು ಒಂದು ವರ್ಷದಿಂದ ವೈದ್ಯರು ಮೂರು ವಾರಕ್ಕೊಮ್ಮೆ 250 ಮಿಲಿಗ್ರಾಂ ಇಂಜೆಕ್ಷನ್ ಕೊಡುತ್ತಿದ್ದಾರೆ. ಕೊರತೆಯಿರುವ ಹಾರ್ಮೋನನ್ನು ಹೊರಗಿನಿಂದ ತುಂಬುವ ಈ ಚಿಕಿತ್ಸೆಯೇ ಟಿಆರ್‌ಟಿ. ಜಿಮ್ಮಿನ ಟ್ರೈನರ್ ಅದನ್ನು ವಾರಕ್ಕೆ 500ಕ್ಕೆ ಏರಿಸಿ, ಜೊತೆಗೆ ವಾರಕ್ಕೆ 400 ಮಿಲಿಗ್ರಾಂ ನ್ಯಾಂಡ್ರೊಲೋನ್, ಅಂದರೆ ಡೆಕಾ ಎಂಬ ಸ್ನಾಯು ಬೆಳೆಸುವ ಸ್ಟೀರಾಯ್ಡ್, ಹಾಕಿಕೊಳ್ಳಲು ಹೇಳುತ್ತಿದ್ದಾರೆ. ಬಾಟಲಿಗಳನ್ನೂ ತಂದು ಕೊಟ್ಟಿದ್ದಾರೆ. "ನಿನ್ನ ದೇಹದ ಸ್ವಂತ ಉತ್ಪಾದನೆ ಹೇಗೂ ನಿಂತಿದೆ, ಇನ್ನು ಕಳೆದುಕೊಳ್ಳುವುದಕ್ಕೆ ಏನಿದೆ?" ಎಂಬ ಅವರ ಮಾತು ನಿಜವೇ ಎಂದು ಕೇಳಿದ್ದೀರಿ.

ಇದೇ ಮಾತನ್ನು ನಾನು 33ನೇ ವಯಸ್ಸಿನಲ್ಲಿ ಕೇಳಿದೆ, ನಂಬಿದೆ, ಆರು ವರ್ಷ ಅದರಂತೆ ನಡೆದೆ. ಈಗ ನನಗೆ 43. ದಯವಿಟ್ಟು ಸೇರಿಸಿಕೊಳ್ಳಬೇಡಿ.

ನಾನು ವೈದ್ಯನಲ್ಲ, ದಾವಣಗೆರೆಯಲ್ಲಿ ಬ್ಯಾಂಕ್ ನೌಕರ. ಹದಿನಾರನೇ ವಯಸ್ಸಿನಲ್ಲಿ ಬಂದ ಮಂಗನಬಾವು ವೃಷಣಗಳಿಗೂ ಇಳಿದಿತ್ತು. ಮಗಳು ಹುಟ್ಟಿದ ಮೇಲೆ, ಮೂವತ್ತೆರಡರ ಹೊತ್ತಿಗೆ, ಮೈಯಲ್ಲಿ ಕಸುವೇ ಇಲ್ಲದಂತಾಯಿತು. ಬೆಳಗಿನ ಹೊತ್ತು ಎರಡು ಸಲ ರಕ್ತ ಕೊಟ್ಟೆ. ಎರಡು ಸಲವೂ ಟೆಸ್ಟೋಸ್ಟೆರಾನ್ 180ರ ಆಸುಪಾಸಿನಲ್ಲಿತ್ತು. ಸಾಮಾನ್ಯವಾಗಿ 300ಕ್ಕಿಂತ ಕೆಳಗಿದ್ದರೆ ಕೊರತೆ ಎನ್ನುತ್ತಾರೆ. ಹಾಗಾಗಿ ಟಿಆರ್‌ಟಿ ನನಗೆ ನಿಜವಾಗಿಯೂ ಬೇಕಿತ್ತು, ಇಂದಿಗೂ ಬೇಕು. ಈ ಚಿಕಿತ್ಸೆಯ ಮೇಲೆ ನನಗೆ ಯಾವ ದೂರೂ ಇಲ್ಲ. 2023ರಲ್ಲಿ ಪ್ರಕಟವಾದ ಟ್ರಾವರ್ಸ್ ಅಧ್ಯಯನದಲ್ಲಿ, ಹೃದ್ರೋಗ ಇದ್ದ ಅಥವಾ ಬರುವ ಸಂಭವ ಹೆಚ್ಚಿದ್ದ 5,200 ಮಂದಿ ಗಂಡಸರಲ್ಲಿ ಅರ್ಧದಷ್ಟು ಮಂದಿಗೆ ಟೆಸ್ಟೋಸ್ಟೆರಾನ್ ಜೆಲ್ ಕೊಟ್ಟು ನೋಡಿದರು. ಹೃದಯಾಘಾತ, ಪಾರ್ಶ್ವವಾಯು ಹೆಚ್ಚಾಗಲಿಲ್ಲ. ಆದರೆ ಹೃದಯದ ಬಡಿತದ ಲಯ ತಪ್ಪುವುದು, ಶ್ವಾಸಕೋಶದಲ್ಲಿ ರಕ್ತ ಹೆಪ್ಪುಗಟ್ಟುವುದು ಸ್ವಲ್ಪ ಹೆಚ್ಚಾಗಿಯೇ ಕಂಡುಬಂದವು. ಜಿಮ್ಮುಗಳಲ್ಲಿ ಈ ಅಧ್ಯಯನದ ಮೊದಲ ಅರ್ಧವನ್ನು ಮಾತ್ರ ಹೇಳುತ್ತಾರೆ. ಅಲ್ಲಿ ಕೊಟ್ಟದ್ದು ಕೊರತೆಯನ್ನು ಸಹಜ ಮಟ್ಟಕ್ಕೆ ತುಂಬುವಷ್ಟು ಮಾತ್ರ ಎಂಬುದನ್ನಂತೂ ಯಾರೂ ಹೇಳುವುದಿಲ್ಲ.

ಪ್ರಮಾಣವನ್ನು ನೀವೇ ಲೆಕ್ಕ ಹಾಕಿ ನೋಡಿ. ಆರೋಗ್ಯವಂತ ಗಂಡಸಿನ ದೇಹ ದಿನಕ್ಕೆ ಸುಮಾರು 3ರಿಂದ 10 ಮಿಲಿಗ್ರಾಂ ಟೆಸ್ಟೋಸ್ಟೆರಾನ್ ತಯಾರಿಸುತ್ತದೆ. ನಿಮ್ಮ ವೈದ್ಯರು ಕೊಡುತ್ತಿರುವ ಮದ್ದು ವಾರಕ್ಕೆ 83 ಮಿಲಿಗ್ರಾಂ ಆಗುತ್ತದೆ. ಅದರಲ್ಲೂ ಒಂದು ಪಾಲು ಔಷಧವನ್ನು ನಿಧಾನವಾಗಿ ಬಿಡುಗಡೆ ಮಾಡುವ ಎಸ್ಟರ್‌ನ ತೂಕ. ಟ್ರೈನರ್ ಹೇಳಿದ್ದು ವಾರಕ್ಕೆ 900. ಹತ್ತು ಪಟ್ಟಿಗೂ ಹೆಚ್ಚು. ಎರಡನ್ನೂ ಅದೇ ಸಿರಿಂಜಿನಲ್ಲಿ ಎಳೆದು ಅದೇ ಪೃಷ್ಠಕ್ಕೆ ಚುಚ್ಚಿಕೊಳ್ಳುವುದರಿಂದ, ಒಂದೇ ಚಿಕಿತ್ಸೆಯನ್ನು ಸ್ವಲ್ಪ ಏರಿಸಿದಂತೆ ಅನ್ನಿಸಿಬಿಡುತ್ತದೆ. ನನಗೂ ಹಾಗೆಯೇ ಅನ್ನಿಸಿತ್ತು. ವೈದ್ಯರ ಚೀಟಿ ಕಿಸೆಯಲ್ಲಿದೆ, ವರ್ಷಕ್ಕೆರಡು ಸಲ ರಕ್ತಪರೀಕ್ಷೆ ಆಗುತ್ತಿದೆ, ಏನಾದರೂ ಆದರೆ ಗೊತ್ತಾಗುತ್ತದೆ ಎಂಬ ಧೈರ್ಯ. ಆ ಧೈರ್ಯವೇ ನನ್ನನ್ನು ಕೆಡಿಸಿತು.

"ಕಳೆದುಕೊಳ್ಳುವುದಕ್ಕೆ ಏನಿದೆ" ಎಂಬ ಮಾತು ವೃಷಣವನ್ನಷ್ಟೇ ಲೆಕ್ಕಕ್ಕೆ ಹಿಡಿಯುತ್ತದೆ. ಈ ಹಾರ್ಮೋನು ಹೋಗಿ ಕೂರುವ ಗ್ರಾಹಕಗಳು ತೋಳಿನ ಸ್ನಾಯುವಿನಲ್ಲಿರುವ ಹಾಗೆ ಹೃದಯದ ಸ್ನಾಯುವಿನಲ್ಲೂ ಇವೆ. ತೋಳು ದಪ್ಪವಾದರೆ ಅಂಗಿಯ ಅಳತೆ ಬದಲಾಗುತ್ತದೆ. ಹೃದಯದ ಗೋಡೆ ದಪ್ಪವಾದರೆ ಅದು ಪೆಡಸಾಗುತ್ತದೆ. ಬಡಿತಗಳ ನಡುವೆ ಸಡಿಲಗೊಂಡು ರಕ್ತ ತುಂಬಿಸಿಕೊಳ್ಳಲು ಒದ್ದಾಡುತ್ತದೆ, ಆಮೇಲೆ ಪಂಪ್ ಮಾಡುವ ಬಲವೂ ಕುಗ್ಗುತ್ತದೆ. ಅಮೆರಿಕದಲ್ಲಿ 140 ಮಂದಿ ಅನುಭವಿ ಭಾರ ಎತ್ತುವವರನ್ನು ಪರೀಕ್ಷಿಸಿದ ಅಧ್ಯಯನವೊಂದು 2017ರಲ್ಲಿ ಪ್ರಕಟವಾಯಿತು. ಅವರಲ್ಲಿ 86 ಮಂದಿ ಒಟ್ಟು ಎರಡು ವರ್ಷಕ್ಕಾದರೂ ಸ್ಟೀರಾಯ್ಡ್ ಬಳಸಿದವರು, 54 ಮಂದಿ ಬಳಸದವರು. ಪ್ರತಿ ಬಡಿತಕ್ಕೆ ಹೃದಯ ಎಷ್ಟು ಪಾಲು ರಕ್ತವನ್ನು ಹೊರದೂಡುತ್ತದೆ ಎಂಬ ಲೆಕ್ಕ, ಅಂದರೆ ಎಜೆಕ್ಷನ್ ಫ್ರಾಕ್ಷನ್, ಬಳಸದವರಲ್ಲಿ ಸರಾಸರಿ ಶೇ 63, ಬಳಸಿದವರಲ್ಲಿ ಶೇ 52. ನಿಲ್ಲಿಸಿದವರಲ್ಲಿ ಪಂಪಿನ ಬಲ ಬಹುಮಟ್ಟಿಗೆ ಚೇತರಿಸಿಕೊಂಡಿತ್ತು, ಸಡಿಲಗೊಳ್ಳುವ ಶಕ್ತಿ ಮಾತ್ರ ಪೂರ್ತಿ ಮರಳಿರಲಿಲ್ಲ. ಬಳಸಿದ ವರ್ಷಗಳು ಹೆಚ್ಚಾದಷ್ಟೂ ಹೃದಯದ ರಕ್ತನಾಳಗಳಲ್ಲಿ ಕೊಬ್ಬಿನ ಗಂಟುಗಳು ಹೆಚ್ಚು.

ಟಿಆರ್‌ಟಿ ಇರುವ ನಮ್ಮಂಥವರ ಅಪಾಯ ಇಲ್ಲಿಯೇ ಇದೆ. ಹಿಂದಿನವರು ಮೂರು ತಿಂಗಳು ತೆಗೆದುಕೊಂಡು ಮೂರು ತಿಂಗಳು ಬಿಡುತ್ತಿದ್ದರು. ಅದೂ ಕ್ಷೇಮವಲ್ಲ, ಆದರೆ ದೇಹಕ್ಕೆ ಒಂದಿಷ್ಟು ಬಿಡುವಿತ್ತು. ನಮಗೆ "ಬ್ಲಾಸ್ಟ್ ಮಾಡು, ಆಮೇಲೆ ಕ್ರೂಸ್ ಮಾಡು" ಎನ್ನುತ್ತಾರೆ. ಬ್ಲಾಸ್ಟ್ ಎಂದರೆ ಕೆಲವು ಕಾಲ ದೊಡ್ಡ ಪ್ರಮಾಣದಲ್ಲಿ ತೆಗೆದುಕೊಳ್ಳುವುದು. ಕ್ರೂಸ್ ಎಂದರೆ ಹೆಸರಿಗೆ ಟಿಆರ್‌ಟಿ, ಪ್ರಮಾಣದಲ್ಲಿ ಅದರ ಎರಡು ಪಟ್ಟು. ನನ್ನ ಆರು ವರ್ಷಗಳಲ್ಲಿ ಬಿಡುವು ಎಂಬುದು ಒಂದು ವಾರವೂ ಇರಲಿಲ್ಲ.

ನನಗೆ ಎದೆನೋವು ಬಂದಿರಲಿಲ್ಲ. ಹೆಂಡತಿ ಗಮನಿಸಿದ್ದು ಗೊರಕೆಯನ್ನು. ನಿದ್ದೆಯಲ್ಲಿ ಉಸಿರು ನಿಂತು, ಆಮೇಲೆ ಎಳೆದುಕೊಂಡಂತೆ ಮರಳುತ್ತಿತ್ತಂತೆ. ಎಷ್ಟೋ ರಾತ್ರಿ ಅವಳು ಎದ್ದು ಕೂತು ಎಣಿಸಿದ್ದಾಳೆ. ಅವಳ ಒತ್ತಾಯಕ್ಕೆ ಒಂದು ಆಸ್ಪತ್ರೆಗೆ ಹೋದೆ. ಬಿಪಿ 160/100 ಇತ್ತು, ಎಕೋ, ಅಂದರೆ ಹೃದಯದ ಸ್ಕ್ಯಾನ್, ಬರೆದರು. ಎಡಕ್ಕೆ ಹೊರಳಿ ಮಲಗಿದ್ದೆ, ಎದೆಯ ಮೇಲೆ ತಣ್ಣನೆಯ ಜೆಲ್. ಸ್ಕ್ಯಾನ್ ಮಾಡುತ್ತಿದ್ದ ಹುಡುಗಿ ಪರದೆಯ ಮೇಲೆ ಎರಡು ಚುಕ್ಕಿ ಇಟ್ಟು ಗೆರೆ ಎಳೆದಳು. 1.4 ಎಂದು ಬಂತು. ಅಳಿಸಿದಳು. ಮತ್ತೆ ಇಟ್ಟಳು. ಮತ್ತೆ 1.4. ಮೂರನೆಯ ಸಲವೂ ಅಳೆದು, ಏನೂ ಹೇಳದೆ ಎದ್ದು ವೈದ್ಯರನ್ನು ಕರೆಯಲು ಹೋದಳು. ಗಂಡಸರಲ್ಲಿ ಎಡ ಹೃತ್ಕುಕ್ಷಿಯ, ಅಂದರೆ ದೇಹಕ್ಕೆ ರಕ್ತ ದೂಡುವ ಹೃದಯದ ಕೋಣೆಯ, ಗೋಡೆ 1 ಸೆಂಟಿಮೀಟರಿನೊಳಗೆ ಇರಬೇಕು. ನನ್ನ ಎಜೆಕ್ಷನ್ ಫ್ರಾಕ್ಷನ್ ಶೇ 44.

ವೈದ್ಯರು "ಏನೇನು ತೆಗೆದುಕೊಳ್ಳುತ್ತೀರಿ?" ಎಂದರು. "ಮೂರು ವಾರಕ್ಕೊಂದು ಇಂಜೆಕ್ಷನ್ ಅಷ್ಟೆ" ಎಂದೆ. ಆಗಲೂ ಸುಳ್ಳನ್ನೇ ಹೇಳಿದೆ. ಮೂಲೆಯ ಕುರ್ಚಿಯಲ್ಲಿ ಕೂತಿದ್ದ ಹೆಂಡತಿ, "ಬೀರುವಿನ ಕೆಳಗಿನ ಖಾನೆಯಲ್ಲಿ ಇನ್ನೂ ಇವೆ, ಅದನ್ನೂ ಹೇಳಿ" ಎಂದಳು. ಅವಳಿಗೆ ಗೊತ್ತಿದೆ ಎಂಬುದೇ ನನಗೆ ಗೊತ್ತಿರಲಿಲ್ಲ.

ಆ ಸುಳ್ಳು ಆರು ವರ್ಷ ಏನು ಮಾಡಿತ್ತು ನೋಡಿ. ಟೆಸ್ಟೋಸ್ಟೆರಾನ್ ಕೆಂಪು ರಕ್ತಕಣಗಳನ್ನು ಹೆಚ್ಚಿಸುತ್ತದೆ. ರಕ್ತದಲ್ಲಿ ಅವುಗಳ ಪಾಲನ್ನು ಹೆಮಟೋಕ್ರಿಟ್ ಎನ್ನುತ್ತಾರೆ. ಅದು ಶೇ 54 ದಾಟಿದರೆ ಟಿಆರ್‌ಟಿಯನ್ನೇ ತಡೆಹಿಡಿಯಬೇಕು, ಏಕೆಂದರೆ ರಕ್ತ ಮಂದವಾಗಿ ಹೆಪ್ಪುಗಟ್ಟುವ ಭಯವಿದೆ. ನನ್ನದು 53, 55 ಎಂದು ಏರುತ್ತಿದ್ದಾಗ, ಪರೀಕ್ಷೆಗೆ ಮೂರು ವಾರ ಮುಂಚೆ ರಕ್ತದಾನ ಮಾಡಿ ಬರಲು ಟ್ರೈನರ್ ಕಲಿಸಿಕೊಟ್ಟಿದ್ದರು. ಅಂಕಿ ಇಳಿಯುತ್ತಿತ್ತು, ಎರಡು ಮೂರು ತಿಂಗಳಲ್ಲಿ ಮತ್ತೆ ಏರುತ್ತಿತ್ತು. ನನ್ನ ಹಾರ್ಮೋನು ತಜ್ಞರು ಪಾಪ ಪ್ರತಿ ಸಲವೂ "ಚೆನ್ನಾಗಿದೆ" ಎಂದು ಕಳುಹಿಸುತ್ತಿದ್ದರು. ಲಿವರ್ ಪರೀಕ್ಷೆಯ ಎಎಸ್‌ಟಿ, ಎಎಲ್‌ಟಿ ಹೆಚ್ಚಿದರೆ "ವ್ಯಾಯಾಮದಿಂದ" ಎನ್ನುತ್ತಿದ್ದೆ. ಭಾರ ಎತ್ತಿದ ಮರುದಿನ ಅವು ಏರುವುದು ನಿಜ, ಆದ್ದರಿಂದಲೇ ಆ ನೆಪ ನಡೆಯಿತು; ಜಿಜಿಟಿ ಪರೀಕ್ಷೆ ಸೇರಿಸಿದ್ದರೆ ಲಿವರಿನದ್ದು ಯಾವುದು, ಸ್ನಾಯುವಿನದ್ದು ಯಾವುದು ಎಂದು ತಿಳಿಯುತ್ತಿತ್ತು. ಮೂತ್ರಪಿಂಡಕ್ಕೆ ನೋಡುವ ಕ್ರಿಯಾಟಿನಿನ್ ಕೂಡ ಹಾಗೆಯೇ, ಸ್ನಾಯು ಹೆಚ್ಚಿದ್ದರೂ ಏರುತ್ತದೆ. ಅಂಥವರಲ್ಲಿ ಮೂತ್ರಪಿಂಡದ ನಿಜಸ್ಥಿತಿಗೆ ಸಿಸ್ಟಾಟಿನ್ ಸಿ ಎಂಬ ರಕ್ತಪರೀಕ್ಷೆ ನೋಡುವುದು ಮೇಲು. ದೇಹದಾರ್ಢ್ಯ ಪಟುಗಳಲ್ಲಿ ಮೂತ್ರಪಿಂಡದ ಸೋಸುಗಗಳು ಗಾಯಗೊಂಡು ಗಟ್ಟಿಯಾದ ಪ್ರಕರಣಗಳು ವೈದ್ಯಕೀಯ ಪತ್ರಿಕೆಗಳಲ್ಲಿ ದಾಖಲಾಗಿವೆ.

ಡೆಕಾ ಆದ ಮೇಲೆ ಮಾತ್ರೆಗಳು ಬರುತ್ತವೆ, ಬಂದೇ ಬರುತ್ತವೆ. ಸ್ಟಾನೊಜೊಲಾಲ್, ಡಯನಾಬಾಲ್, ಆಕ್ಸಾಂಡ್ರೊಲೋನ್. ಲಿವರ್ ಈ ಮಾತ್ರೆಗಳನ್ನು ಬೇಗ ಒಡೆದುಹಾಕದಂತೆ ಇವುಗಳ ರಚನೆಯನ್ನು ಮಾರ್ಪಡಿಸಿರುತ್ತಾರೆ, ಅದರಿಂದಲೇ ಇವು ಲಿವರಿಗೆ ಹೊರೆ. ಒಳ್ಳೆಯ ಕೊಲೆಸ್ಟ್ರಾಲ್ ಎನ್ನುವ ಎಚ್‌ಡಿಎಲ್ ಕೆಲವೇ ವಾರಗಳಲ್ಲಿ ಅರ್ಧಕ್ಕಿಂತ ಕೆಳಗೆ ಇಳಿಯಬಹುದು. ನನ್ನದು 14ಕ್ಕೆ ಇಳಿದಿತ್ತು, 40 ಇರಬೇಕಾದದ್ದು. ಬಾಟಲಿಯೊಳಗೆ ಲೇಬಲ್ಲಿನಲ್ಲಿ ಬರೆದದ್ದೇ ಇದೆ ಎಂಬ ಭರವಸೆಯೂ ಇಲ್ಲ.

ಇನ್ನು ನೀವು ಕೇಳದೆ ಇದ್ದ ಒಂದು ಮಾತು. ಮದುವೆಯಾಗಿ ಎರಡು ವರ್ಷ ಎಂದು ಬರೆದಿದ್ದೀರಿ. ಮಕ್ಕಳು ಬೇಕೆಂದಿದ್ದರೆ ಅದನ್ನು ನಿಮ್ಮ ವೈದ್ಯರಿಗೆ ಹೇಳಿದ್ದೀರಾ? ಡೆಕಾ ಬಿಡಿ, ಟಿಆರ್‌ಟಿಯೊಂದೇ ಸಾಕು, ಹೊರಗಿನ ಹಾರ್ಮೋನು ಬಂದಾಗ ಮೆದುಳಿನ ಬುಡದ ಪಿಟ್ಯುಟರಿ ಗ್ರಂಥಿ ವೃಷಣಕ್ಕೆ ಸಂಕೇತ ಕಳುಹಿಸುವುದನ್ನು ನಿಲ್ಲಿಸುತ್ತದೆ, ವೀರ್ಯಾಣುಗಳ ಉತ್ಪಾದನೆ ಕುಸಿಯುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ವಾರಕ್ಕೆ 200 ಮಿಲಿಗ್ರಾಂ ಟೆಸ್ಟೋಸ್ಟೆರಾನನ್ನು ಗಂಡಸರ ಗರ್ಭನಿರೋಧಕವಾಗಿಯೇ ಪ್ರಯೋಗಿಸಿ 1990ರಲ್ಲಿ ಫಲಿತಾಂಶ ಪ್ರಕಟಿಸಿತ್ತು. ಅರ್ಧಕ್ಕಿಂತ ಹೆಚ್ಚು ಮಂದಿಯಲ್ಲಿ ವೀರ್ಯಾಣು ಸೊನ್ನೆಗೆ ಇಳಿದಿತ್ತು. ನಿಲ್ಲಿಸಿದರೆ ಬಹುಪಾಲು ಮಂದಿಯಲ್ಲಿ ಮರಳುತ್ತದೆ, ಆದರೆ ತಿಂಗಳುಗಟ್ಟಲೆ ಹಿಡಿಯುತ್ತದೆ. ವರ್ಷಗಟ್ಟಲೆ ದೊಡ್ಡ ಪ್ರಮಾಣದಲ್ಲಿ ತೆಗೆದುಕೊಂಡವರಲ್ಲಿ ಇನ್ನೂ ತಡ. ನಿಮ್ಮ ಉತ್ಪಾದನೆ "ನಿಂತಿದೆ" ಎಂದ ಟ್ರೈನರ್‌ಗೆ ಅದು ಏಕೆ ನಿಂತಿದೆ ಎಂಬುದು ಗೊತ್ತಿಲ್ಲ. ಮೂಲದಲ್ಲಿ ದೋಷ ಪಿಟ್ಯುಟರಿಯದ್ದಾದರೆ, ಸಂತಾನಶಕ್ತಿ ಉಳಿಸುವ ಬೇರೆ ಚಿಕಿತ್ಸೆಗಳಿವೆ. ಕೇಳಿ. ಪತ್ನಿಯ ಜೊತೆಯಲ್ಲೇ ಹೋಗಿ ಕೇಳಿ.

ಮನಸ್ಸಿನ ವಿಷಯ ಚಿಕ್ಕದಾಗಿ ಹೇಳುತ್ತೇನೆ, ಬರೆಯಲು ಕಷ್ಟವಾಗುತ್ತದೆ. ಏರಿದ ಪ್ರಮಾಣದಲ್ಲಿದ್ದಾಗ ಮಗಳು ನನ್ನ ಸ್ಕೂಟರಿನ ಸದ್ದು ಕೇಳಿ ಒಳಕೋಣೆಗೆ ಹೋಗುತ್ತಿದ್ದಳು. ಎಲ್ಲವನ್ನೂ ನಿಲ್ಲಿಸಿ ಬರಿಯ ಟಿಆರ್‌ಟಿಗೆ ಇಳಿದ ಮೇಲೆ ಐದಾರು ತಿಂಗಳು ಬದುಕೇ ಬೇಡ ಅನ್ನಿಸಿತ್ತು. ಈ ಕುಸಿತ ಬರುತ್ತದೆಂದು ವೈದ್ಯರು ಮೊದಲೇ ಎಚ್ಚರಿಸಿದ್ದರಿಂದ ದಾಟಿದೆ. ಇದನ್ನು ಓದುವವರಲ್ಲಿ ಯಾರಾದರೂ ಆ ಸ್ಥಿತಿಯಲ್ಲಿದ್ದರೆ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತನಾಡುತ್ತಾರೆ.

ಈಗ ಬಿಪಿಗೆ ಮತ್ತು ಹೃದಯಕ್ಕೆ ಮೂರು ಮಾತ್ರೆ ನುಂಗುತ್ತೇನೆ. ಎಜೆಕ್ಷನ್ ಫ್ರಾಕ್ಷನ್ ಶೇ 53ಕ್ಕೆ ಏರಿದೆ. ಗೋಡೆ 1.25ಕ್ಕೆ ಇಳಿದು ಅಲ್ಲೇ ನಿಂತಿದೆ. ಟಿಆರ್‌ಟಿ ವೈದ್ಯರು ಹೇಳಿದಷ್ಟೇ. ವ್ಯಾಯಾಮ ಬಿಟ್ಟಿಲ್ಲ, ತೋಳು ಸಣ್ಣದಾಗಿದೆ, ಹಳೆಯ ಅಂಗಿಗಳನ್ನು ತಮ್ಮನಿಗೆ ಕೊಟ್ಟೆ.

ನೀವು ಈಗಾಗಲೇ ಒಂದೆರಡು ಇಂಜೆಕ್ಷನ್ ತೆಗೆದುಕೊಂಡಿರಬಹುದು, ಬರೆಯಲು ಹಿಂಜರಿದಿರಬಹುದು. ಹಾಗಿದ್ದರೂ ಹೆದರಿ ಟಿಆರ್‌ಟಿಯನ್ನು ನೀವಾಗಿ ನಿಲ್ಲಿಸಬೇಡಿ. ಉಸಿರು ಕಟ್ಟುವುದು, ಎದೆ ಹಿಂಡಿದಂತಾಗುವುದು, ಒಂದೇ ಕಾಲು ಊದಿ ನೋಯುವುದು ಕಂಡರೆ ಆ ದಿನವೇ ಆಸ್ಪತ್ರೆಗೆ ಹೋಗಿ. ಇಲ್ಲದಿದ್ದರೆ ಮುಂದಿನ ಇಂಜೆಕ್ಷನ್ನಿಗೆ ಹೋಗುವಾಗ ಟ್ರೈನರ್ ಕೊಟ್ಟ ಬಾಟಲಿಗಳನ್ನು ಚೀಲದಲ್ಲಿ ಹಾಕಿಕೊಂಡು ಹೋಗಿ, ವೈದ್ಯರ ಮೇಜಿನ ಮೇಲಿಡಿ. ಹೆಮಟೋಕ್ರಿಟ್, ಕೊಲೆಸ್ಟ್ರಾಲ್, ಬಿಪಿ ನೋಡಿಸಿ, ಒಂದು ಎಕೋ ಬೇಕೇ ಎಂದು ಕೇಳಿ. ಫಲಿತಾಂಶ ಬಂದ ಮೇಲೆ ಇಲ್ಲಿ ಬರೆದರೆ ನಾನು ಓದುತ್ತೇನೆ.